ವೇಷದ ಪೋಲೀಸರೂ ತಪ್ಪೊಪ್ಪಿಗೆಯೂ

ಅಪರಾಧಿಯನ್ನು ಹಿಡಿಯಲು ರಾಜ್ಯವು ವೇಷಧಾರಿಗಳನ್ನು ಕಳುಹಿಸುವ ಪದ್ಧತಿಯು ಈಚಿನದಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚುಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಕಂಟಕಶೋಧನವೆಂಬ ಅಧಿಕರಣದಲ್ಲಿ ಅದರ ಕ್ರಮವನ್ನು ವಿಸ್ತಾರವಾಗಿ ಹೇಳಿದೆ. ಸಿದ್ಧರ ವೇಷದ ಗೂಢಚಾರರು ತರುಣರನ್ನು ಕೂಡಿಕೊಂಡು, ಮುಚ್ಚಿದ ಬಾಗಿಲನ್ನು ತೆರೆಯುವ, ಕಾವಲುಗಾರರನ್ನು ನಿದ್ರೆಗೊಳಿಸುವ, ಕಣ್ಣಿಗೆ ಕಾಣದಂತೆ ಮಾಡುವ ಮಂತ್ರಗಳು ತಮಗೆ ತಿಳಿದಿವೆಯೆಂದು ನಂಬಿಸಿ, ಕಳವಿಗೆ ಮನಸೋತವರನ್ನು ಹಿಡಿದುಕೊಡಬೇಕು. ಆದರೆ ಅದೇ ಅಧಿಕರಣದಲ್ಲಿ ತುಸು ಮುಂದೆ ಕೌಟಿಲ್ಯನು ಮಾಂಡವ್ಯನನ್ನು ನೆನೆಯುತ್ತಾನೆ. ಭಾರತದ ಕಥೆಯಲ್ಲಿ ಮೌನವನ್ನು ಮುರಿಯದೆ ಶೂಲಕ್ಕೇರಿದ ಆ ಋಷಿಯು ಇಲ್ಲಿ ಹಿಂಸೆಗೆ ಅಂಜಿ, ಕಳ್ಳನಲ್ಲದೆಯೂ ತಾನು ಕಳ್ಳನೆಂದು ನುಡಿದವನು. ಆದುದರಿಂದ ಬರಿಯ ಬಾಯಿಮಾತನ್ನು ನೆಚ್ಚದೆ, ಪ್ರಮಾಣಗಳು ಪೂರ್ಣವಾದ ಬಳಿಕವೇ ದಂಡಿಸಬೇಕೆಂಬುದು ಅವನ ನಿರ್ಣಯ.

ಲಂಡನ್ ನಗರದ ಪೋಲೀಸರು ಮೊದಲನೆಯ ಪಾಠವನ್ನು ಚೆನ್ನಾಗಿ ಬಲ್ಲವರಾಗಿದ್ದರು; ಎರಡನೆಯದನ್ನು ಕಲಿತುದು ತಡವಾಗಿ.

1992ನೆಯ ಇಸವಿ ಜುಲೈ 15ರಂದು, ಎರಡು ವರ್ಷದ ಮಗನೊಡನೆ ವಿಂಬಲ್ಡನ್ ಬಯಲಿನಲ್ಲಿ ತಿರುಗಾಡುತ್ತಿದ್ದ 23 ವರ್ಷದ ತಾಯಿಯೊಬ್ಬಳನ್ನು, ಹಾಡುಹಗಲಿನಲ್ಲಿ, ಆ ಮಗುವಿನ ಕಣ್ಣೆದುರಿಗೇ ಯಾವನೋ ಇರಿದು ಕೊಂದನು. ಗಾಯಗಳು 49. ದೇಶವೆಲ್ಲ ತಲ್ಲಣಿಸಿತು. ಪೋಲೀಸರ ಸಂಶಯವು, ನಾಯಿಯನ್ನು ಕರೆದುಕೊಂಡು ಆ ಬಯಲಿಗೆ ಬರುವ ವಾಡಿಕೆಯಿದ್ದ, ಉದ್ಯೋಗವಿಲ್ಲದ ಒಬ್ಬ ಒಂಟಿ ಯುವಕನ ಮೇಲೆ ಬಿದ್ದಿತು. ಅವನನ್ನು ಆ ಕೊಲೆಗೆ ಗಂಟುಹಾಕುವ ಭೌತಿಕ ಸಾಕ್ಷ್ಯವು ಒಂದೂ ಇರಲಿಲ್ಲ. ಹಿಡಿದು ಪ್ರಶ್ನಿಸಿದರು, ತಾನಲ್ಲವೆಂದನು, ಬಿಟ್ಟರು.

ಆಗ ಪಾಲ್ ಬ್ರಿಟನ್ ಎಂಬ ಮನಶ್ಶಾಸ್ತ್ರಜ್ಞನ ಸಲಹೆಯಂತೆ 'ಆಪರೇಷನ್ ಎಡ್ಜೆಲ್' ಎಂಬ ವ್ಯೂಹವು ಸಿದ್ಧವಾಯಿತು. ಪೋಲೀಸಿನ ಸ್ತ್ರೀಯೊಬ್ಬಳು ಸುಳ್ಳು ಹೆಸರಿನಿಂದ ಅವನಿಗೆ ಸ್ನೇಹದ ಕಾಗದವನ್ನು ಬರೆದಳು. 1993ರ ಆರಂಭದಿಂದ ಸುಮಾರು ಏಳು ತಿಂಗಳು ಕಾಗದಗಳು ಹೋಗಿಬಂದವು, ಟೆಲಿಫೋನಿನಲ್ಲಿ ಮಾತು ನಡೆಯಿತು, ಉದ್ಯಾನಗಳಲ್ಲಿ ಭೇಟಿಯಾಯಿತು. ಹೆಣ್ಣಿನ ಸಂಗಕ್ಕಾಗಿ ಹಂಬಲಿಸುತ್ತಿದ್ದ ಅವನಿಗೆ ಇದು ಭಾಗ್ಯವೇ ಬಾಗಿಲಿಗೆ ಬಂದಂತೆ ಆಯಿತು. ಅವಳಾದರೋ, ತಾನು ಹಿಂದೆ ಒಂದು ನರಬಲಿಯಲ್ಲಿ ಪಾಲುಗೊಂಡವಳೆಂದೂ, ಅಂಥ ಕೃತ್ಯವನ್ನು ಮಾಡಿದ ಗಂಡಸಿಗಲ್ಲದೆ ಬೇರೊಬ್ಬನಿಗೆ ತನ್ನ ಮನಸ್ಸು ಒಲಿಯದೆಂದೂ ಸೂಚಿಸಿದಳು. ಅವಳ ಮನಸ್ಸನ್ನು ಹಿಡಿಯಲು ಅವನು ಕ್ರೂರವಾದ ಕಲ್ಪನೆಗಳನ್ನು ಬರೆದು ಕಳುಹಿಸಿದನು. ಬಾಲ್ಯದಲ್ಲಿ ಕಾಡಿನಲ್ಲಿ ಹುಡುಗಿಯೊಬ್ಬಳನ್ನು ಕೊಂದುದಾಗಿಯೂ ಕಥೆ ಕಟ್ಟಿದನು. ಅಂಥ ಕೊಲೆಯೇ ನಡೆದಿರಲಿಲ್ಲ. ವಿಂಬಲ್ಡನ್ನಿನ ಕೊಲೆಯನ್ನು ಅವನು ಮಾಡಿದ್ದರೆ ಚೆನ್ನಾಗಿರುತ್ತಿತ್ತೆಂದು ಅವಳು ಹೇಳಿದಾಗ ಮಾತ್ರ, ಕ್ಷಮೆ ಬೇಡಿ, ತಾನು ಮಾಡಲಿಲ್ಲವೆಂದನು.

ಹುಸಿ ಕೊಲೆಯನ್ನು ಒಪ್ಪಿಕೊಂಡವನು ನಿಜದ ಕೊಲೆಯನ್ನು ಒಲ್ಲೆನೆಂದುದರ ಅರ್ಥವೇನೆಂದು ಯಾರಾದರೂ ಆಲೋಚಿಸಬೇಕಾಗಿತ್ತು. ಆಲೋಚಿಸಲಿಲ್ಲ. 1993ರ ಆಗಸ್ಟಿನಲ್ಲಿ ಅವನನ್ನು ಸೆರೆಹಿಡಿದರು.

13 ತಿಂಗಳು ಸೆರೆಯಲ್ಲಿದ್ದ ಬಳಿಕ, 1994ರ ಸೆಪ್ಟೆಂಬರಿನಲ್ಲಿ ಮೊಕದ್ದಮೆಯು ನ್ಯಾಯಾಧಿಪತಿ ಆಗ್ನಲ್ಲರ ಮುಂದೆ ಬಂದಿತು. ಆ ಕಾಗದಗಳನ್ನೂ ಸಂಭಾಷಣೆಗಳನ್ನೂ ಅವರು ಸಾಕ್ಷ್ಯವೆಂದು ಸ್ವೀಕರಿಸಲೇ ಇಲ್ಲ. ಪೋಲೀಸರ ನಡತೆಯು ಅತ್ಯಂತ ಹೀನವಾದ ವಂಚನೆಯೆಂದು ಖಂಡಿಸಿದರು. ಬೇರೆ ಆಧಾರವಿಲ್ಲದೆ ಮೊಕದ್ದಮೆಯು ಬಿದ್ದುಹೋಯಿತು.

ಇಲ್ಲೊಂದು ಮಾತನ್ನು ಹೇಳಬೇಕು. ಆಂಗ್ಲರು ನಮ್ಮ ದೇಶಕ್ಕೆ ಬರೆದುಕೊಟ್ಟ ಶಾಸನದಲ್ಲಿ ಈ ವಿಷಯವು ಅವರ ಸ್ವಂತ ನಾಡಿಗಿಂತ ಬಿಗಿಯಾಗಿತ್ತು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಸೇರಿದ್ದ ಮದರಾಸು ಅಧಿಪತ್ಯದಲ್ಲಿ ಅಧಿಕಾರಿಗಳು ನಡೆಸುತ್ತಿದ್ದ ಚಿತ್ರಹಿಂಸೆಯ ವರದಿಯು 1855ರಲ್ಲಿ ಹೊರಬಂದಿತ್ತು. 1861ರ ದಂಡಪ್ರಕ್ರಿಯೆಯಲ್ಲಿಯೂ, ಬಳಿಕ 1872ರ ಸಾಕ್ಷ್ಯ ಶಾಸನದ 25ನೆಯ ವಿಧಿಯಲ್ಲಿಯೂ, ಪೋಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನಿಗೆ ವಿರುದ್ಧವಾಗಿ ರುಜುಪಡಿಸಕೂಡದೆಂದು ಕಟ್ಟು ಮಾಡಿದರು. ವಂಚನೆಯಿಂದ ಪಡೆದುದೆಂಬ ಒಂದೇ ಕಾರಣದಿಂದ ತಪ್ಪೊಪ್ಪಿಗೆಯನ್ನು ತಳ್ಳಬಾರದೆಂದು ಅದೇ ಶಾಸನದ 29ನೆಯ ವಿಧಿಯು ಹೇಳುವುದನ್ನು ನೋಡಿದರೆ, ವಂಚನೆಗಿಂತಲೂ ಪೋಲೀಸರ ಮೇಲೆಯೇ ಅವರಿಗೆ ಹೆಚ್ಚು ಅವಿಶ್ವಾಸವಿದ್ದಂತೆ ತೋರುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಕಟ್ಟು 23ನೆಯ ವಿಧಿಯಾಗಿ ಉಳಿದಿದೆ.

ಲಂಡನ್ನಿನ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಆ ಯುವಕನು ಸೆರೆಯಲ್ಲಿದ್ದಾಗಲೇ, 1993ರ ನವೆಂಬರಿನಲ್ಲಿ, ನಗರದ ಆಗ್ನೇಯ ಭಾಗವಾದ ಪ್ಲಮ್‌ಸ್ಟೆಡ್ಡಿನಲ್ಲಿ ಒಬ್ಬ ತಾಯಿಯೂ ಅವಳ ನಾಲ್ಕು ವರ್ಷದ ಮಗಳೂ ಹತರಾದರು. ಅವರನ್ನು ಕೊಂದವನು ಸಿಕ್ಕಿಬಿದ್ದು 1995ರಲ್ಲಿ ಶಿಕ್ಷೆಗೊಳಗಾದನು. ಮುಂದೆ ಡಿಎನ್ಎ ಪರೀಕ್ಷೆಯು ಸೂಕ್ಷ್ಮವಾದಾಗ ವಿಂಬಲ್ಡನ್ನಿನ ಕೃತ್ಯವೂ ಅವನದೇ ಎಂದು ಹೊರಪಟ್ಟು, 2008ರ ಡಿಸೆಂಬರಿನಲ್ಲಿ ಅವನೇ ಅದನ್ನು ಒಪ್ಪಿಕೊಂಡನು. ಅದೇ ವರ್ಷ, ಬಲೆಗೆ ಬಿದ್ದಿದ್ದ ಯುವಕನಿಗೆ 7,06,000 ಪೌಂಡುಗಳ ಪರಿಹಾರವು ದೊರೆಯಿತು. ಅಷ್ಟರಲ್ಲಿ ಅವನ ಯೌವನವು ಕಳೆದುಹೋಗಿತ್ತು. ಪ್ರೇಮದ ವೇಷವನ್ನು ಹಾಕಿದ್ದ ಸ್ತ್ರೀಯೂ ನೊಂದವಳೇ: 1998ರಲ್ಲಿ ಅವಧಿಗೆ ಮುನ್ನವೇ ಕೆಲಸವನ್ನು ಬಿಟ್ಟಳು, 2001ರಲ್ಲಿ ಇಲಾಖೆಯು ಅವಳಿಗೂ 1,25,000 ಪೌಂಡು ಕೊಟ್ಟಿತು.

ಪೋಲೀಸರ ಮೇಲಣ ದೂರುಗಳನ್ನು ವಿಚಾರಿಸುವ ಆಯೋಗವು 2010ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ನಿಜವಾದ ಕೊಲೆಗಾರನು 1989ರಲ್ಲಿಯೇ, ಯಾರ ಬಲೆಯೂ ಇಲ್ಲದೆ, ಬೇರೊಬ್ಬ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದೆನೆಂದು ತನ್ನ ತಾಯಿಯೊಡನೆ ಹೇಳಿಕೊಂಡಿದ್ದನು. ಆ ತಾಯಿಯು ಪೋಲೀಸರಿಗೆ ಟೆಲಿಫೋನ್ ಮಾಡಿ ತಿಳಿಸಿದ್ದಳು. ಅವರು ಅದನ್ನು ಮುಂದುವರಿಸಲಿಲ್ಲ.