ಒಂದೂವರೆ ಎಕರೆಯಿಂದ ಒಂದು ಗುಂಟೆಗೆ

ನಾನು ಭೂಗೋಳದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಸ್ಟೀರಿಯೊಸ್ಕೋಪು, ಬಣ್ಣದ ಪೆನ್ಸಿಲ್ಲು, ಕೋಲಾರ ಸೀಮೆಯ ಒಂದು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಕಾಡು, ಹೊಲ, ಕೆರೆಗಳ ಗೆರೆ ಎಳೆಯುತ್ತಿದ್ದೆವು. ಎಲೆಗಳು ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಚಿಮ್ಮಿಸುತ್ತವೆ. ಆ ಬೆಳಕಿಗೆ ಚಿತ್ರದಲ್ಲಿ ಕೆಂಪು ಬಣ್ಣ ಕೊಡುವುದು ವಾಡಿಕೆ. ಹಾಗಾಗಿ ಹಸಿರೆಲ್ಲ ಕೆಂಪು.

ನಮ್ಮ ದೇಶದಲ್ಲಿ ಈ ಕೆಂಪಿನ ಬೆಲೆ ತೋರಿಸಿಕೊಟ್ಟವರು ವಿಜ್ಞಾನಿ ಪಿ. ಆರ್. ಪಿಷಾರೋಟಿ. 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿದು, ರೋಗ ಹಿಡಿದ ಮರಗಳನ್ನು ಬೇರೆಯಾಗಿ ಗುರುತಿಸಿದರು. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. 1988ರ ಮಾರ್ಚ್ 17ರಂದು ನಮ್ಮದೇ ಐಆರ್‌ಎಸ್-1ಎ ಬೈಕನೂರಿನಿಂದ ಮೇಲೇರಿತು. ಆಗ ಇಸ್ರೋ ಮುಖ್ಯಸ್ಥರು ಉಡುಪಿ ಕಡೆಯ ಯು. ಆರ್. ರಾವ್.

ರೈತರಿಗೆ ನಾನು ಪಿಕ್ಸೆಲ್ಲನ್ನು ಜಮೀನಿನ ಲೆಕ್ಕದಲ್ಲೇ ಹೇಳುತ್ತಿದ್ದೆ. ಲ್ಯಾಂಡ್‌ಸ್ಯಾಟಿನ ಹಳೇ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ಒಂದೂವರೆ ಎಕರೆ. ಐಆರ್‌ಎಸ್‌ನ ಲಿಸ್-2 ಕ್ಯಾಮೆರಾದಲ್ಲಿ ಹದಿಮೂರು ಗುಂಟೆ. 2015ರಲ್ಲಿ ಬಂದ ಯುರೋಪಿನ ಸೆಂಟಿನೆಲ್-2ರಲ್ಲಿ ಸರಿಸುಮಾರು ಒಂದೇ ಗುಂಟೆ. ನನ್ನ ಇಡೀ ವೃತ್ತಿ ಈ ಒಂದೂವರೆ ಎಕರೆಗೂ ಒಂದು ಗುಂಟೆಗೂ ನಡುವೆ ಕಳೆಯಿತು.

2008ರಲ್ಲಿ ಲ್ಯಾಂಡ್‌ಸ್ಯಾಟ್ ಭಂಡಾರವೆಲ್ಲ ಪುಕ್ಕಟೆಯಾಯಿತು. ಲಿಯೊ ಬ್ರೈಮನ್ 2001ರಲ್ಲಿ ಬರೆದಿದ್ದ ರ‍್ಯಾಂಡಮ್ ಫಾರೆಸ್ಟ್ ಎಂಬ ಕಂಪ್ಯೂಟರ್ ವಿಧಾನ ನಮ್ಮ ಕೈಗೂ ಬಂತು. ನೂರಾರು ನಿರ್ಣಯ ವೃಕ್ಷಗಳು ಒಂದೊಂದು ಚುಕ್ಕಿಗೂ ಕಾಡೋ, ಹೊಲವೋ, ಕೆರೆಯೋ ಎಂದು ಮತ ಹಾಕುತ್ತವೆ. ಹೆಚ್ಚು ಮತ ಬಿದ್ದದ್ದೇ ಅದರ ಹೆಸರು. ತಿಂಗಳುಗಟ್ಟಲೆ ಎಳೆದ ಗೆರೆಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹಾಗೆ ಸಿದ್ಧವಾದ ನಕ್ಷೆ ಹಿಡಿದು ಮಾಲೂರಿನ ಕಡೆ ಹೋದೆ. ಚಿತ್ರದಲ್ಲಿ ಕಡುಗೆಂಪಾಗಿದ್ದ ಜಾಗವನ್ನು ಯಂತ್ರ ಕಾಡು ಎಂದಿತ್ತು. ಹೋಗಿ ನೋಡಿದರೆ ಒತ್ತಾಗಿ ಬೆಳೆದ ಜಾಲಿ, ಕಾಲಡಿ ಬಿರುಕು ಬಿಟ್ಟ ಗೋಡು, ಪಕ್ಕದಲ್ಲಿ ಕಲ್ಲು ಕಟ್ಟಿದ ತೂಬು. ದನ ಮೇಯಿಸುತ್ತಿದ್ದ ಅಜ್ಜ ಹೇಳಿದರು: “ಕಾಡಲ್ಲ ಮೇಷ್ಟ್ರೇ, ನಮ್ಮ ಕೆರೆ. ನೀರಿಲ್ಲ ಅಷ್ಟೇ.” ತಪ್ಪು ಯಂತ್ರದ್ದಲ್ಲ. ಕಲಿಕೆಗೆಂದು ನಾನು ಕೊಟ್ಟ ಮಾದರಿಗಳಲ್ಲಿ ಕೆರೆ ಎಂದರೆ ನೀರು ಮಾತ್ರ ಇತ್ತು.

ಏರಿಯುದ್ದಕ್ಕೂ ನಡೆದು ಹೊಸ ಮಾದರಿಗಳನ್ನು ಗುರುತು ಹಾಕಿಕೊಂಡು ಬಂದೆ. ಒಣಗಿದ ಕೆರೆಯಂಗಳಕ್ಕೆಂದೇ ಬೇರೆ ಗುಂಪು ಮಾಡಿದ ಮೇಲೆ ಆ ಕೆರೆ ನಕ್ಷೆಯಲ್ಲಿ ಕೆರೆಯಾಗಿಯೇ ಕಾಣಿಸಿತು.

ನಿಮ್ಮೂರಿನ ಕೆರೆಯಂಗಳದಲ್ಲಿ ಯಾರಾದರೂ ಹುಡುಗರು ಜಿಪಿಎಸ್ ಹಿಡಿದು ನಿಂತಿದ್ದರೆ ಮಾತಾಡಿಸಿ. ಆ ಕೆರೆಯ ಹೆಸರೇನು, ಕೊನೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ ಎಂದು ಅವರಿಗೆ ಹೇಳಿ.