18 ತುಂಬಿದ ಮೇಲೆ ಯಾರ ಆಸರೆ? ಮನಶ್ಶಾಸ್ತ್ರಜ್ಞರ ಪಾತ್ರವೇನು? ಇಲ್ಲಿದೆ ಮಾಹಿತಿ

ವಾರಾಣಸಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಉಚಿತ ಶಿಕ್ಷಣ ಸಿಗುವುದು 6ರಿಂದ 18 ವರ್ಷದವರೆಗೆ. ಬೌದ್ಧಿಕ ವೈಕಲ್ಯ ಇರುವವರಿಗೆ ನೆರವು ಆಮೇಲೂ ಬೇಕು. ವಾರಾಣಸಿಯಲ್ಲಿ 1990ರಲ್ಲಿ ಆರಂಭವಾದ ಕಿರಣ್ ಸಂಸ್ಥೆ ಶಿಕ್ಷಣದ ಜತೆಗೆ ವೃತ್ತಿ ತರಬೇತಿಯನ್ನೂ ನೀಡುತ್ತಿದೆ.

ಕೆಲಸವೇನು?: ಐಕ್ಯೂ ಪರೀಕ್ಷೆಯಷ್ಟೇ ಅಲ್ಲ. ಹಣ ಎಣಿಸುವುದು, ಒಬ್ಬರೇ ಓಡಾಡುವುದು, ಸ್ನಾನ ಮಾಡುವುದು ಎಷ್ಟು ಸಾಧ್ಯ ಎಂದು ಮನಶ್ಶಾಸ್ತ್ರಜ್ಞರು ನೋಡುತ್ತಾರೆ. ಸಿಟ್ಟು, ಹಟದ ಹಿಂದೆ ಹೇಳಿಕೊಳ್ಳಲಾಗದ ಹಲ್ಲುನೋವೋ ಖಿನ್ನತೆಯೋ ಇದೆಯೇ ಎಂದು ಹುಡುಕುತ್ತಾರೆ.

ಅರ್ಹತೆ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ.

ಪೋಷಕರು ಗಮನಿಸಿ: 18 ತುಂಬಿದ ಮಗ ಅಥವಾ ಮಗಳಿಗೆ ತಂದೆ-ತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗುವುದಿಲ್ಲ. ಪಾಲಕತ್ವ ಬೇಕಿದ್ದರೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.