ಖಾಲಿ ಕೈಯ ಭಾರ

ಅಂಬರನಾಥದಿಂದ ಬೆಳಗಿನ ಲೋಕಲ್ ಹಿಡಿದು ಪರೇಲ್ ಕಡೆಗೆ ಹೋಗುವ ನರ್ಸುಗಳನ್ನು ನೀವೂ ನೋಡಿರಬಹುದು. ಪರೇಲ್‌ನಲ್ಲಿ 1941ರಿಂದ ಟಾಟಾ ಮೆಮೋರಿಯಲ್ ಆಸ್ಪತ್ರೆಯಿದೆ. ಊರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಫೋನ್ ಬರುವುದು ನಮಗೇ: "ಟಾಟಾದಲ್ಲಿ ಯಾರಾದರೂ ಪರಿಚಯದವರು ಇದ್ದಾರಾ?" ಗುಣವಾಗಿ ಹೋದವರ ಕಥೆ ಎಲ್ಲರೂ ಹೇಳುತ್ತಾರೆ. ಇನ್ನು ಗುಣವಾಗದು ಎಂದು ಗೊತ್ತಾದ ಮೇಲೂ ನೋವು ಇಳಿಸಲು, ಹುಣ್ಣು ತೊಳೆಯಲು, ಕೈ ಹಿಡಿಯಲು ಪಕ್ಕದಲ್ಲಿ ನಿಲ್ಲುವ ನರ್ಸಿನ ಕಥೆ ಹೇಳುವವರು ಕಡಿಮೆ. ಈ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. ದಿನಾ ಸಾವು ನೋಡಿ ಇವರ ಮನಸ್ಸು ಏನಾಗಬೇಡ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಚರಿತ್ರೆ ಬೇರೆಯೇ ಹೇಳುತ್ತದೆ.

ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ನರ್ಸುಗಳನ್ನು ಕುರಿತು ಇಸಬೆಲ್ ಮೆಂಝೀಸ್ ಎಂಬಾಕೆ 1960ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ರೋಗಿಗೆ ಹೆಸರಿರಲಿಲ್ಲ. 'ಹತ್ತನೇ ಹಾಸಿಗೆಯ ಲಿವರ್' ಎಂಬಂತೆ ಹಾಸಿಗೆಯ ನಂಬರು, ರೋಗದ ಹೆಸರು ಅಷ್ಟೇ. ಒಬ್ಬ ನರ್ಸಿಗೆ ಒಬ್ಬ ರೋಗಿಯ ಮೇಲೆ ಮಮತೆ ಹುಟ್ಟದಂತೆ ಕೆಲಸವನ್ನು ಚೂರುಚೂರು ಮಾಡಿ ಹಂಚಿದ್ದರು. ನಿದ್ದೆ ಮಾತ್ರೆ ಕೊಡುವುದಕ್ಕಾಗಿ ನಿದ್ದೆಯಲ್ಲಿದ್ದ ರೋಗಿಯನ್ನು ಎಬ್ಬಿಸಿದ್ದೂ ಉಂಟಂತೆ! ಆತಂಕದಿಂದ ಪಾರಾಗಲು ಮಾಡಿಕೊಂಡ ವ್ಯವಸ್ಥೆ ಇದು. ಆದರೂ ತರಬೇತಿಗೆ ಬಂದ ಹುಡುಗಿಯರಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನ ನಡುವೆಯೇ ಬಿಟ್ಟು ಹೋಗುತ್ತಿದ್ದರು. ದೂರ ನಿಂತರೆ ದುಃಖ ತಟ್ಟುವುದಿಲ್ಲ ಎಂಬ ಲೆಕ್ಕ ಅಲ್ಲೇ ತಪ್ಪಿತ್ತು.

ಅದೇ ಲಂಡನ್ನಿನಲ್ಲಿ ಇನ್ನೊಬ್ಬಾಕೆ ಬೇರೆ ದಾರಿ ಹುಡುಕುತ್ತಿದ್ದರು. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್. ಬೆನ್ನು ನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜಸೇವಕಿಯಾದರು. ಮತ್ತೆ ಓದಿ 1957ರಲ್ಲಿ ಡಾಕ್ಟರೂ ಆದರು. ಸೇಂಟ್ ಲೂಕ್ಸ್ ಎಂಬ ಮನೆಯಲ್ಲಿ ಸ್ವಯಂಸೇವಕಿಯಾಗಿದ್ದಾಗ ಒಂದು ಪದ್ಧತಿ ಅವರ ಕಣ್ಣಿಗೆ ಬಿತ್ತು. ರೋಗಿ ನೋವಿನಿಂದ ಕೂಗುವ ತನಕ ಕಾಯದೆ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುತ್ತಿದ್ದರು. 1967ರಲ್ಲಿ ಸಾಂಡರ್ಸ್ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಜಗತ್ತಿಗೇ ಮಾದರಿಯಾಯಿತು. ಇದರಿಂದ ರೋಗಿಯಷ್ಟೇ ನರ್ಸಿಗೂ ಉಪಕಾರವಾಯಿತು ಎಂದು ನನಗನಿಸುತ್ತದೆ. ನರಳಾಟ ಕೇಳುತ್ತಾ ಸುಮ್ಮನೆ ನಿಲ್ಲಬೇಕಾದ ಶಿಕ್ಷೆ ತಪ್ಪಿತಲ್ಲ.

ನಮ್ಮ ದೇಶದ ಮೊದಲ ಹಾಸ್ಪಿಸ್ ನಮ್ಮ ಮುಂಬಯಿಯದೇ. ಕ್ಯಾನ್ಸರ್ ಸರ್ಜನ್ ಡಾ. ಲೂಯಿಸ್ ಡಿ'ಸೋಜಾ 1986ರಲ್ಲಿ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಸ್ಥಾಪಿಸಿದರು. ಅವೇದನಾ ಅಂದರೆ ವೇದನೆ ಇಲ್ಲದ್ದು. ಎಷ್ಟು ಅರ್ಥಪೂರ್ಣ ಹೆಸರು ನೋಡಿ! ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ಉಚಿತವಾಗಿ ಆರೈಕೆ ಮಾಡುತ್ತಾ ಬಂದಿದ್ದಾರೆ.

ಆದರೆ ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಮಾದಕ ದ್ರವ್ಯ ತಡೆಯುವ ಕಠಿಣ ಕಾನೂನು ಬಂದಿತ್ತು. ಮಾರ್ಫಿನ್ ಇಟ್ಟುಕೊಳ್ಳಲು ಲೈಸೆನ್ಸ್ ಮೇಲೆ ಲೈಸೆನ್ಸ್, ಚೂರು ಲೆಕ್ಕ ತಪ್ಪಿದರೆ ಜೈಲಿನ ಭಯ. ಆಸ್ಪತ್ರೆಗಳು ಅದರ ಸಹವಾಸವೇ ಬೇಡ ಎಂದವು. 1997ರ ಹೊತ್ತಿಗೆ ದೇಶದಲ್ಲಿ ಮಾರ್ಫಿನ್ ಬಳಕೆ ಶೇಕಡಾ 90ಕ್ಕಿಂತ ಹೆಚ್ಚು ಇಳಿದಿತ್ತು. ಸರ್ಕಾರದ ಲೈಸೆನ್ಸಿನಲ್ಲೇ ಗಸಗಸೆ ಗಿಡ ಬೆಳೆದು ಅಫೀಮು ತೆಗೆಯುವ ದೇಶ ನಮ್ಮದು! ಆ ವರ್ಷಗಳಲ್ಲಿ ವಾರ್ಡಿನಲ್ಲಿದ್ದ ನರ್ಸನ್ನು ನೆನೆಸಿಕೊಳ್ಳಿ. ಏನು ಕೊಟ್ಟರೆ ನೋವು ಇಳಿಯುತ್ತದೆಂದು ಆಕೆಗೆ ಗೊತ್ತು. ಕೈ ಮಾತ್ರ ಖಾಲಿ.

ಇದರ ನಡುವೆಯೇ 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ರಾಜಗೋಪಾಲ್ ಮತ್ತು ಗೆಳೆಯರು ಕೆಲಸ ಶುರುಮಾಡಿದರು. 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಹುಟ್ಟಿತು. ಮೊದಲು ಮನೆಮನೆಗೆ ಹೋಗಿ ಆರೈಕೆ, 1999ರಲ್ಲಿ ಕರುಣಾಶ್ರಯದ ಕಟ್ಟಡ. ಲೈಸೆನ್ಸಿನ ಗೋಜಲು ಸಡಿಲವಾಗಲು 2014ರ ತಿದ್ದುಪಡಿಯೇ ಬರಬೇಕಾಯಿತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಟೊರಾಂಟೋದ ಮೇರಿ ವ್ಯಾಚನ್ ಈ ವಿಷಯವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 1995ರಲ್ಲಿ ಬರೆದಾಗ, ಹಾಸ್ಪಿಸ್ ಸಿಬ್ಬಂದಿಗೆ ಒತ್ತಡ ಇದೆ, ಆದರೆ ಬೇರೆ ವಿಭಾಗಗಳವರಿಗಿಂತ ಕಡಿಮೆಯೇ ಎಂದು ಕಂಡಿತು. ಜಾಸ್ತಿ ಕಾಡಿದ್ದು ಸಾವಲ್ಲ. ಸಹೋದ್ಯೋಗಿಗಳ ನಡುವೆ ಮಾತಿಲ್ಲದಿರುವುದು, ಆಡಳಿತದ ಗೊಂದಲ, ಕೆಲಸದ ಹೊರೆ. ಕೈಯಲ್ಲಿ ಔಷಧಿ ಇದ್ದು, ಜೊತೆಗೆ ಮಾತಾಡುವವರಿದ್ದು, ತೀರಿಕೊಂಡವರನ್ನು ಒಟ್ಟಿಗೆ ನೆನೆಯಲು ಒಂದು ಗಳಿಗೆ ಸಿಕ್ಕರೆ ಮನುಷ್ಯ ತಾಳಿಕೊಳ್ಳುತ್ತಾನೆ. ಕೆಲವರಿಗೆ ಪ್ರಾರ್ಥನೆ, ಕೆಲವರಿಗೆ ಊಟದ ಹೊತ್ತಿನ ನಗು ಆಸರೆ.

ನಮ್ಮಂಥ ವಲಸಿಗರ ವಿಷಯದಲ್ಲಿ ಇನ್ನೂ ಒಂದು ಎಳೆ ಇದೆ. ಮಂಗಳೂರು, ಉಡುಪಿ, ಕೇರಳದಿಂದ ಬಂದ ನರ್ಸುಗಳು ಈ ಮಹಾನಗರದ ಆಸ್ಪತ್ರೆಗಳನ್ನು ಹೊತ್ತುಕೊಂಡಿದ್ದಾರೆ. ಜೀವನವಿಡೀ ಮರಾಠಿ, ಹಿಂದಿಯಲ್ಲಿ ವ್ಯವಹರಿಸಿದ ನಮ್ಮ ಹಿರಿಯರು ಕೊನೆಗಾಲದಲ್ಲಿ ನೀರು ಕೇಳುವುದು ಕನ್ನಡದಲ್ಲೋ ತುಳುವಿನಲ್ಲೋ. ಆ ಮಾತು ತಿಳಿದ ನರ್ಸು ಸಿಕ್ಕರೆ ಆಕೆ ಅರ್ಧ ಗಳಿಗೆಯಲ್ಲಿ ಮಗಳಾಗುತ್ತಾಳೆ. ಅದು ಆಕೆಗೆ ಸಂತೋಷವೂ ಹೌದು, ಮರುದಿನ ಹಾಸಿಗೆ ಖಾಲಿಯಾದಾಗ ಭಾರವೂ ಹೌದು. ಆಮೇಲೆ ಒಂದೂವರೆ ಗಂಟೆ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು ಮನೆಯಲ್ಲಿ ಒಲೆ ಹಚ್ಚಬೇಕು.

ನಮ್ಮ ಬ್ಯಾಂಕುಗಳಲ್ಲಿ ಒಂದು ನಿಯಮವಿದೆ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆಯ ಮೇಲೆ ಕಳಿಸುತ್ತಾರೆ. 2021ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಒಟ್ಟಿಗೆ ಕನಿಷ್ಠ 10 ಕೆಲಸದ ದಿನ. ಏಕೆ? ಲೆಕ್ಕದಲ್ಲಿ ಏನಾದರೂ ಮುಚ್ಚಿಟ್ಟಿದ್ದರೆ ಹೊರಬೀಳಲಿ ಅಂತ. ಹಣದ ಮೇಲಿನ ಅನುಮಾನಕ್ಕೇ ಹತ್ತು ದಿನ ರಜೆ ಕೊಡಬಹುದಾದರೆ, ಸಾಯುವವರ ಪಕ್ಕ ವರ್ಷವಿಡೀ ನಿಲ್ಲುವವಳಿಗೆ ಅಕ್ಕರೆಯಿಂದ ಕೊಡಲು ಏನು ಅಡ್ಡಿ? ಅದಕ್ಕಿಂತ ಸೂಕ್ಷ್ಮ ಹುದ್ದೆ ಯಾವುದಿದೆ, ನೀವೇ ಹೇಳಿ.